ಕೇಳುಗನ ಕುರ್ಚಿ

ಮಾನಸ ಬರೆದದ್ದು ಲಕ್ಷಾಂತರ ಮನೆಗಳಲ್ಲಿತ್ತು. ಓದಿದವರು ಮಾತ್ರ ಯಾರೂ ಇರಲಿಲ್ಲ.

ಶೋಳಿಂಗನಲ್ಲೂರಿನ ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು ಅವಳು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಇಂಥವುಗಳ ಮ್ಯಾನುಯಲ್ ಬರೆಯುತ್ತಿದ್ದಳು. ಮಂಡ್ಯದಿಂದ ಮದುವೆಯಾಗಿ ಚೆನ್ನೈಗೆ ಬಂದ ಮೂರು ವರ್ಷದಲ್ಲಿ ಹದಿನೆಂಟು ಮ್ಯಾನುಯಲ್ ಬರೆದು ಮುಗಿಸಿದ್ದಳು. ಒಂದೊಂದು ಸಾಲನ್ನೂ ತಿದ್ದಿ, ಚಿಕ್ಕ ಮಕ್ಕಳಿಗೂ ತಿಳಿಯಬೇಕೆಂದು ಒದ್ದಾಡಿ ಬರೆಯುವಳು. ಮನೆಗೆ ಹೊಸ ಮೈಕ್ರೊವೇವ್ ಬಂದ ದಿನ ಗಂಡ ದಿನೇಶ್ ಪೆಟ್ಟಿಗೆ ಬಿಚ್ಚಿ, ಮ್ಯಾನುಯಲ್ಲನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲ ಕೆಳಗೆ ತುರುಕಿದ. ಅದು ಅವಳೇ ಬರೆದದ್ದು.

"ಕೊನೆಗೂ ಉಪಯೋಗಕ್ಕೆ ಬಂತು ನೋಡು," ಎಂದು ಅವನು ನಕ್ಕಾಗ ಅವಳು ಎರಡು ದಿನ ಮಾತು ಬಿಟ್ಟಳು.

ಆ ಎರಡು ದಿನವೂ ಅವಳು ತಿಂಡಿ ತಿಂದದ್ದು ಅಡ್ಯಾರಿನ ವಾರಾಹಿ ಭವನದಲ್ಲಿ. ಆಫೀಸಿನ ಕ್ಯಾಬ್ ಬಂದು ನಿಲ್ಲುತ್ತಿದ್ದದ್ದು ಅದೇ ಹೋಟೆಲಿನ ಮುಂದೆ. ಮಾಲೀಕ ಐತಪ್ಪ ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಎಂಜಲು ತಟ್ಟೆ ತೊಳೆಯುವುದರಿಂದ ಶುರು ಮಾಡಿ ಹೋಟೆಲಿನ ಒಡೆಯನಾದವರು. ವಯಸ್ಸು ಅರವತ್ತು ದಾಟಿತ್ತು. ಗಲ್ಲಾದಲ್ಲಿ ಕೂತರೆ ಕಂಬದ ಹಾಗೆ ಕೂರುವರು. ಓದಿದ್ದು ಕನ್ನಡದಲ್ಲಿ ನಾಲ್ಕನೇ ಇಯತ್ತೆ. ಕನ್ನಡ ಮಾತಾಡುವವರು ಬಂದರೆ ಒಂದು ಲೋಟ ಕಷಾಯ ಹೆಚ್ಚಿಗೆ ಕಳಿಸುವ ಅಭ್ಯಾಸವಿತ್ತು.

ಎರಡು ಸಾವಿರದ ನಾಲ್ಕರ ಫೆಬ್ರವರಿಯ ಒಂದು ಶನಿವಾರ ಅವಳು ಒಳಗೆ ಹೋದಾಗ ಐತಪ್ಪ ಗಲ್ಲಾದಲ್ಲಿರಲಿಲ್ಲ. ಹಾಲಿನ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಅವರ ಮುಂದೆ ಎದೆಯೆತ್ತರದ ಎರಡು ಮರದ ಸ್ಪೀಕರುಗಳು, ಬೆಳ್ಳಿ ಬಣ್ಣದ ಮುಖದ ಒಂದು ಆಂಪ್ಲಿಫೈಯರು, ಗಾಜಿನಂಥ ಮುಚ್ಚಳದ ಒಂದು ರೆಕಾರ್ಡ್ ಪ್ಲೇಯರು, ಮೂರು ಪೆಟ್ಟಿಗೆ ರೆಕಾರ್ಡುಗಳು.

"ವೇದಾಚಲಂ ಸಾರು ಕೊಟ್ಟದ್ದು," ಎಂದರು ಐತಪ್ಪ. "ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಇಪ್ಪತ್ತೆರಡು ವರ್ಷ ನಮ್ಮಲ್ಲಿ ನೀರುದೋಸೆ ತಿಂದಿದ್ದಾರೆ. ಈಗ ಚಿಕ್ಕ ಫ್ಲಾಟಿಗೆ ಹೋಗ್ತಾರಂತೆ, ಜಾಗ ಇಲ್ಲ. ಎಪ್ಪತ್ತಾರರಲ್ಲಿ ಜಪಾನಿನಿಂದ ತಂದದ್ದು, ನೀವೇ ಇಟ್ಟುಕೊಳ್ಳಿ ಅಂತ ಕಳಿಸಿಕೊಟ್ರು. ಒಂದೇ ಮಾತು ಹೇಳಿದ್ದು, ಎಲ್ಲ ಪುಸ್ತಕದಲ್ಲಿ ಉಂಟು, ಪುಸ್ತಕದಲ್ಲಿ ಇದ್ದ ಹಾಗೆ ಮಾಡಿ ಅಂತ."

ಪುಸ್ತಕವನ್ನು ಅವರು ಗಣಪತಿಯ ಪಟದ ಪಕ್ಕದಿಂದ ತೆಗೆದು ಕೊಟ್ಟರು. ಇಪ್ಪತ್ತೆಂಟು ಪುಟದ ಇಂಗ್ಲಿಷ್ ಮ್ಯಾನುಯಲ್ಲು. ಮಾನಸ ನಿಂತಲ್ಲೇ ಪುಟ ತಿರುಗಿಸಿದಳು. ರೆಕಾರ್ಡಿನ ಮೇಲೆ ಮುಳ್ಳನ್ನು ಹೊರುವ ತೋಳನ್ನು ತೂಗುವ ಕ್ರಮಕ್ಕೆ ಆರು ಚಿತ್ರ, ಒಂದೊಂದು ತಿರುಪಿಗೂ ಒಂದು ಸಂಖ್ಯೆ. ಬರೆದವನು ಯಾರೋ, ತನ್ನ ಜಾತಿಯವನೇ ಎಂದು ಅವಳಿಗೆ ಪ್ರೀತಿ ಉಕ್ಕಿತು.

"ನಾನು ಕನ್ನಡದಲ್ಲಿ ಬರ್ಕೊಡ್ತೀನಿ ಐತಪ್ಪನವ್ರೇ," ಎಂದಳು.

ಅಲ್ಲೇ ನಿಂತಿದ್ದ ಸುಕೇಶನಿಗೆ ಅದು ಬೇಕಿರಲಿಲ್ಲ. ಅವನು ಐತಪ್ಪನವರ ಮಗ, ಚೆನ್ನೈಯಲ್ಲೇ ಹುಟ್ಟಿ ಬೆಳೆದು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವನು. "ಅಕ್ಕಾ, ಎದುಕ್ಕು ಅದೆಲ್ಲ? ವೈರ್ ಚುಚ್ಚಿದ್ರೆ ಮುಗೀತು. ಕಸ್ಟಮರ್ಸ್‌ಗೆ ಸುಮ್ಮ ಬ್ಯಾಕ್‌ಗ್ರೌಂಡ್‌ನಲ್ಲಿ ಒಂದು ಪಾಟ್ಟು, ಹಾಡು ಇರ್ಲಿ, ಅಷ್ಟೇ."

"ನೀನು ಸುಮ್ಮನಿರು," ಎಂದರು ಐತಪ್ಪ. "ಬರೀರಿ ಅಮ್ಮಾ. ನಂಗೆ ಜೀವಮಾನದಲ್ಲಿ ಯಾರೂ ಬರೆದು ಕೊಟ್ಟು ಕಲಿಸಿದ್ದಿಲ್ಲ. ಎಲ್ಲ ಪೆಟ್ಟು ಕೊಟ್ಟೇ ಕಲಿಸಿದ್ದು."

ಆ ವಾರವೆಲ್ಲ ಅವಳು ಆಫೀಸಿನ ಕೆಲಸಕ್ಕಿಂತ ಹೆಚ್ಚು ಮುತುವರ್ಜಿಯಿಂದ ಕೂತು ಹನ್ನೊಂದು ಹಾಳೆ ಬರೆದಳು. ಒಂದು ಸೂಚನೆಯನ್ನೂ ಬಿಡಲಿಲ್ಲ. ಯಂತ್ರ ಸಮತಟ್ಟಾಗಿರಬೇಕು. ತೋಳಿನ ಹಿಂದಿನ ತೂಕದ ಬಿಲ್ಲೆಯನ್ನು ತಿರುಗಿಸುತ್ತ, ತೋಳು ಗಾಳಿಯಲ್ಲಿ ತಾನಾಗಿ ತೇಲಿ ನಿಲ್ಲುವಂತೆ ಮಾಡಬೇಕು. ಆಮೇಲೆ ಎರಡು ಗ್ರಾಮಿನ ಗೆರೆಗೆ ತರಬೇಕು. ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮೇಲ್ಮೈ ಮುಟ್ಟಬಾರದು. ಧೂಳು, ಆವಿ, ಬಿಸಿ, ಅದುರು ಯಾವುದೂ ತಾಗಬಾರದು. ಎರಡು ಸ್ಪೀಕರು ಮತ್ತು ಕೇಳುಗನ ಕುರ್ಚಿ ಸಮಬಾಹು ತ್ರಿಕೋನದಲ್ಲಿರಬೇಕು, ನಡುವೆ ಅಡೆತಡೆ ಇರಬಾರದು.

ಹಾಳೆಗಳನ್ನು ಕೊಟ್ಟ ಮೇಲೆ ಅವಳಿಗೆ ಆಫೀಸಿನ ಕೆಲಸದಲ್ಲಿ ಹದಿನೈದು ದಿನ ತಲೆಯೆತ್ತಲು ಆಗಲಿಲ್ಲ. ಮತ್ತೆ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟಳು.

ಅವಳ ಹನ್ನೊಂದು ಹಾಳೆಗೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಗೋಡೆಗೆ ಸಾಲಾಗಿ ಅಂಟಿಸಿದ್ದರು. ರೆಕಾರ್ಡ್ ಪ್ಲೇಯರಿನ ಪಕ್ಕದಲ್ಲಿ, ಸಮತಟ್ಟು ನೋಡಲು, ಗಾರೆಯವನ ರಸಮಟ್ಟ. ಅಡುಗೆಮನೆಯ ಮುಖ್ಯಸ್ಥ ಶೀನಣ್ಣ, ಐವತ್ತು ದಾಟಿದ ಗಟ್ಟಿ ಮನುಷ್ಯ, ಮೂರನೇ ಹಾಳೆಯ ಮುಂದೆ ನಿಂತು ತುಟಿ ಅಲುಗಿಸುತ್ತ ಓದುತ್ತಿದ್ದ. ಓದಿ ಹೋಗಿ ತೋಳನ್ನು ತೂಗಿದ. ಮರಳಿ ಬಂದು ನಾಲ್ಕನೇ ಹಾಳೆ ಓದಿದ. ಅವಳು ಬರೆದ ಒಂದು ಸಾಲನ್ನು ಒಬ್ಬ ಮನುಷ್ಯ ಓದುವುದು, ಓದಿದ ಮೇಲೆ ಹಾಗೆಯೇ ಮಾಡುವುದು! ಮಾನಸಳ ಕಣ್ಣು ತುಂಬಿತು.

ಮುಳ್ಳು ರೆಕಾರ್ಡಿಗೆ ತಾಗಿತು. ಹಾಲಿನ ತುಂಬ ವೀಣೆ ಮೂಡಿತು. ಪಕ್ಕದಲ್ಲೇ ಯಾರೋ ಕೂತು ತಂತಿ ಮೀಟುತ್ತಿದ್ದಾರೆ ಎನ್ನುವಷ್ಟು ಹತ್ತಿರ.

"ಹೇಗುಂಟು?" ಎಂದರು ಐತಪ್ಪ, ಮಗಳ ಮದುವೆ ಮಾಡಿ ಮುಗಿಸಿದವರ ಹಾಗೆ.

"ತುಂಬಾ ಚೆನ್ನಾಗಿದೆ," ಎಂದಳು ಅವಳು. ಆಮೇಲೆ ಅವಳ ಕಣ್ಣಿಗೆ ಉಳಿದದ್ದೂ ಬಿತ್ತು. ಹಾಲಿನ ನಡುವಿನ ನಾಲ್ಕು ಮೇಜು ಇರಲಿಲ್ಲ. ಅವು ಅಡೆತಡೆ. ಆ ಬಯಲಿನ ನಡುವೆ ಒಂಟಿ ಕುರ್ಚಿಯೊಂದಿತ್ತು, ಅದರ ಕಾಲುಗಳಿಗೆ ನೆಲದಲ್ಲಿ ಸುಣ್ಣದ ಗುರುತು. ಫ್ಯಾನುಗಳೆಲ್ಲ ನಿಂತಿದ್ದವು, ಧೂಳೆಬ್ಬಿಸುತ್ತವೆಂದು. ಮಾಣಿಗಳು ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ನಡೆಯುತ್ತಿದ್ದರು. ಪ್ರತಿಯೊಬ್ಬನೂ ದೋಸೆಯ ತಟ್ಟೆಯನ್ನು ಎರಡು ಅಂಗೈಗಳ ನಡುವೆ, ಅಂಚಿನಲ್ಲಿ ಮಾತ್ರ ಹಿಡಿದು ತರುತ್ತಿದ್ದ.

"ಪ್ಲೇಟು ಅಂತ ಬರ್ದಿದ್ದೀರಲ್ಲ," ಎಂದ ಶೀನಣ್ಣ. "ಯಾವ ಪ್ಲೇಟು, ಹಾಡಿನದ್ದೋ ದೋಸೆಯದ್ದೋ ಅಂತ ಬರ್ದಿಲ್ಲ. ಧನಿಗಳು ಹೇಳಿದ್ರು, ಎರಡೂ ಹಾಗೇ ಹಿಡಿಯುವ, ತಪ್ಪೇನಿಲ್ಲ ಅಂತ."

ಸಂಜೆ ನಾಲ್ಕರಿಂದ ಏಳರವರೆಗೆ ಸಂಗೀತ. ಆ ಹೊತ್ತಿನಲ್ಲಿ ಗ್ರೈಂಡರು ತಿರುಗುವಂತಿಲ್ಲ, ಅದರ ಅದುರಿಗೆ ಮುಳ್ಳು ಕುಣಿಯುತ್ತದೆ. ಸಾಂಬಾರು ಕುದಿಸುವಂತಿಲ್ಲ, ಆವಿ ಹಾಲಿಗೆ ಬರುತ್ತದೆ. ಹಾಗಾಗಿ ಎಂಟು ಗಂಟೆಗೆ ಬಂದವರಿಗೆ ಹಿಟ್ಟಿಲ್ಲ, ಎಂಟೂವರೆಗೆ ಬಂದವರಿಗೆ ಸಾಂಬಾರಿಲ್ಲ. ನಡುವಿನ ಕುರ್ಚಿಯಲ್ಲಿ ಒಬ್ಬೊಬ್ಬರೇ ಸರದಿಯಂತೆ ಹತ್ತು ನಿಮಿಷ ಕೂರಬಹುದು, ತಿಂಡಿಯಿಲ್ಲದೆ. ಆಫೀಸಿನಿಂದ ಹಸಿದು ಬಂದ ಜನ ಆ ಕುರ್ಚಿಯನ್ನು ದಂತವೈದ್ಯನ ಕುರ್ಚಿಯನ್ನು ನೋಡುವಂತೆ ನೋಡಿ, ಗೋಡೆಬದಿಯ ಮೇಜಿಗೆ ಸರಿಯುತ್ತಿದ್ದರು.

ಮಾರ್ಚ್ ಕಳೆದು ಏಪ್ರಿಲ್ ಬಂತು. ಚೆನ್ನೈಯ ಏಪ್ರಿಲ್ಲಿನಲ್ಲಿ ಫ್ಯಾನಿಲ್ಲದೆ ಬಿಸಿ ಕಾಫಿ ಕುಡಿಯುವ ಸಂಗೀತಪ್ರೇಮಿ ಇನ್ನೂ ಹುಟ್ಟಿಲ್ಲ. "ಫ್ಯಾನ್ ಪೋಡುಂಗ ಸಾರ್, ವೇರ್ಕುದು!" ಎಂದು ಒಬ್ಬ ಗಿರಾಕಿ ಬೆವರು ಒರೆಸಿಕೊಳ್ಳುತ್ತ ಕೂಗಿದರೆ, ಐತಪ್ಪ ಕೂತಲ್ಲಿಂದಲೇ ಆರನೇ ಹಾಳೆಯತ್ತ ಬೆರಳು ತೋರಿಸುವರು. ಗಿರಾಕಿಗೆ ಕನ್ನಡ ಓದಲು ಬಾರದು. ಅವನು ಅದನ್ನು ಯಾವುದೋ ಸರಕಾರಿ ಆದೇಶವೆಂದು ತಿಳಿದು ಸುಮ್ಮನಾಗುವನು. ಮರುದಿನ ಎದುರಿನ ಹೋಟೆಲಿಗೆ ಹೋಗುವನು.

ಸುಕೇಶ ಒಂದು ಸಂಜೆ ಮಾನಸಳನ್ನು ಕ್ಯಾಬ್ ಇಳಿಯುತ್ತಲೇ ಹಿಡಿದ.

"ಅಕ್ಕಾ, ನೀವೇ ಏನಾದ್ರೂ ಪಣ್ಣಬೇಕು. ಅಪ್ಪನ ಹತ್ರ ನಾನು ಏನ್ ಹೇಳಿದ್ರೂ, ಬರ್ದಿದೆ ನೋಡು ಅಂತಾರೆ. ಕೋಯಂಬೇಡಿನಿಂದ ತರೋ ತರಕಾರೀಲಿ ಅರ್ಧ ವೇಸ್ಟ್ ಆಗ್ತಿದೆ. ಇನ್ನೊಂದು ತಿಂಗಳು ಹೀಗೇ ಇದ್ರೆ ಹೋಟೆಲಲ್ಲಿ ಪಾಟ್ಟು ಮಾತ್ರ ಇರುತ್ತೆ."

ಮಾನಸಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೂರು ವರ್ಷದಿಂದ ಅವಳು ಬಯಸಿದ್ದು ಇಂಥ ಒಬ್ಬ ಓದುಗನನ್ನು. ಸಿಕ್ಕಿದ. ಈಗ ಅವನ ಹತ್ತಿರ ಹೋಗಿ, ಓದಿದ್ದನ್ನು ಅಷ್ಟು ನಂಬಬೇಡಿ ಎನ್ನಬೇಕು.

ಹೋಗಿ ಗಲ್ಲಾದ ಮುಂದೆ ನಿಂತಳು.

"ಐತಪ್ಪನವ್ರೇ, ಈ ಮ್ಯಾನುಯಲ್‌ಗಳು ಹೇಗೆ ಅಂದ್ರೆ... ಕಂಪನಿಯವ್ರು ಸ್ವಲ್ಪ ಜಾಸ್ತಿನೇ ಬರೆಸ್ತಾರೆ. ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ ಅಂತ ಭಯಕ್ಕೆ. ಅದ್ರಲ್ಲಿರೋದ್ರಲ್ಲಿ ಅರ್ಧ ಹಾಗೇ ಮಾಡ್ಬೇಕು ಅಂತೇನಿಲ್ಲ."

ಐತಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದರು. ಗಲ್ಲಾದ ಪೆಟ್ಟಿಗೆಯಿಂದ ಒಂದು ಕೆಂಪು ಪೆನ್ನು ತೆಗೆದು ಮುಂದಿಟ್ಟರು.

"ಯಾವ ಅರ್ಧ?" ಎಂದರು. "ಗುರುತು ಹಾಕಿ ಕೊಡಿ."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಕಷ್ಟ. ಮಾನಸ ಪೆನ್ನು ಹಿಡಿದು ಗೋಡೆಯ ಮುಂದೆ ಹತ್ತು ನಿಮಿಷ ನಿಂತಳು. ಒಂದನೇ ಹಾಳೆಯಿಂದ ಹನ್ನೊಂದನೇ ಹಾಳೆಯವರೆಗೆ ಓದಿದಳು. ಎಲ್ಲವೂ ಸರಿಯಾಗಿತ್ತು, ಚೆನ್ನಾಗಿಯೂ ಇತ್ತು. ಹೊಡೆದು ಹಾಕಲು ಒಂದು ಸಾಲೂ ಸಿಗಲಿಲ್ಲ. ಪೆನ್ನನ್ನು ಹಿಂದಕ್ಕೆ ಕೊಟ್ಟು, ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಒಳಗೆ ಐತಪ್ಪನವರ ಹೆಂಡತಿ ಸರಸಮ್ಮ ಮೂಲೆಯಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದರು. ಕುಳಿತಲ್ಲೇ ಸರಿದು ಜಾಗ ಕೊಟ್ಟರು.

"ಒಪ್ಪಲಿಲ್ಲ ಅಲ್ವಾ?"

"ಇಲ್ಲ ಸರಸಮ್ಮ. ಅವ್ರಿಗೆ ಸಂಗೀತದ ಮೇಲೆ ಅಷ್ಟು ಪ್ರಾಣ ಅಂತ ನಂಗೆ ಗೊತ್ತಿರ್ಲಿಲ್ಲ."

"ಸಂಗೀತವಾ?" ಸರಸಮ್ಮ ಕತ್ತಿ ನಿಲ್ಲಿಸಿ ನಕ್ಕರು. "ಅವರಿಗೆ ಎಡದ ಕಿವಿ ಕೇಳುವುದೇ ಇಲ್ಲ ಮಾರಾಯ್ತಿ. ಚಿಕ್ಕಂದಿನಲ್ಲಿ ಯಾವುದೋ ಹೋಟೆಲಿನ ಭಟ್ಟ ಕೆನ್ನೆಗೆ ಹೊಡೆದದ್ದು. ನನ್ನ ಮದುವೆಯಾದಂದಿನಿಂದ ನಾನು ಬಲಕ್ಕೇ ಮಲಗುವುದು, ಜಗಳ ಆಡುವ ದಿನ ಮಾತ್ರ ಎಡಕ್ಕೆ."

ಮಾನಸಳಿಗೆ ನಗು ಬಂತು. ಮರುಕ್ಷಣ ನೆಲದ ಮೇಲಿನ ಆ ಸುಣ್ಣದ ಗುರುತು ನೆನಪಾಯಿತು. ಎರಡು ಸ್ಪೀಕರಿಗೂ ಕುರ್ಚಿಗೂ ದಾರ ಹಿಡಿದು ಅಳೆದು, ಅಂಗುಲವೂ ತಪ್ಪದಂತೆ ತ್ರಿಕೋನ ಕಟ್ಟಿದ ಮನುಷ್ಯನಿಗೆ ಅದರ ಒಂದು ಭುಜ ಕೇಳಿಸುವುದೇ ಇಲ್ಲ. ಅವಳು ಸೀದಾ ಹೊರಗೆ ಬಂದು ಅವರ ಬಲಬದಿಗೆ ನಿಂತಳು.

"ಐತಪ್ಪನವ್ರೇ, ನಿಮ್ಗೆ ಆ ಕುರ್ಚೀಲಿ ಕೂತ್ರೂ, ಈ ಗಲ್ಲಾದಲ್ಲಿ ಕೂತ್ರೂ ಒಂದೇ ಅಲ್ವಾ?"

ಹೆಂಡತಿ ಬಾಯಿಬಿಟ್ಟದ್ದು ಅವರಿಗೆ ತಿಳಿಯಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

"ಕಿವಿಯ ವಿಷಯ ಪುಸ್ತಕ ಕೇಳ್ಲಿಲ್ಲವಲ್ಲ," ಎಂದರು. "ಕುರ್ಚಿ ಎಲ್ಲಿ ಇಡ್ಬೇಕು ಅಂತ ಕೇಳಿತು, ಇಟ್ಟೆ. ಎರಡು ಕಿವಿ ಇದ್ದವರು ಬಂದು ಕೂತ್ಕೊಳ್ಳಲಿ. ಅಮ್ಮಾ, ನಾನು ಐವತ್ತು ವರ್ಷ ಕಣ್ಣಂದಾಜು, ಕೈಯಂದಾಜಿನಲ್ಲಿ ಹೋಟೆಲು ಮಾಡಿದ್ದು. ಸರಿಯಾಯ್ತೋ ತಪ್ಪಾಯ್ತೋ ಅಂತ ದಿನಾ ಎದೆ ಹೊಡ್ಕೊಳ್ತಿತ್ತು. ಇದೊಂದರಲ್ಲಿ ಮಾತ್ರ, ಇಷ್ಟು ಮಾಡಿದ್ರೆ ಸರಿ ಅಂತ ಯಾರೋ ಬರ್ದು ಕೊಟ್ಟಿದ್ದಾರೆ. ಹೇಗೆ ಬಿಡುವುದು ಹೇಳಿ?"

ಮಾನಸ ಮನೆಗೆ ಹೋಗಿ ದಿನೇಶನಿಗೆ ಎಲ್ಲ ಹೇಳಿದಳು. ಅವನು ಇಸ್ತ್ರಿ ಮಾಡುತ್ತ ಕೇಳಿ, ತಲೆಯೆತ್ತದೆ ಅಂದ: "ಬರ್ದಿದ್ದನ್ನು ಮಾತ್ರ ಕೇಳೋರಿಗೆ ಬಾಯಲ್ಲಿ ಹೇಳಿದ್ರೆ ಏನ್ ಬಂತು? ಇನ್ನೊಂದು ಬರಿ."

ಮದುವೆಯಾದ ಮೇಲೆ ಅವನು ಆಡಿದ ಮೊದಲ ಬುದ್ಧಿವಂತಿಕೆಯ ಮಾತೆಂದು ಅವಳಿಗೆ ಅನ್ನಿಸಿತು. ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ಅವಳು ವಾರಾಹಿ ಭವನಕ್ಕೆ ಹೋದಳು. ಏನೂ ಹೇಳದೆ ಮೂಲೆಯಲ್ಲಿ ಕೂತು, ಮಧ್ಯಾಹ್ನದವರೆಗೂ ನೋಡಿದಳು. ಗ್ರೈಂಡರು ಯಾವಾಗ ತಿರುಗುತ್ತದೆ, ಎಷ್ಟು ಹೊತ್ತು. ಮೊದಲೆಲ್ಲ ಸಂಜೆ ಎಷ್ಟಕ್ಕೆ ತಿರುಗುತ್ತಿತ್ತೆಂದು ಶೀನಣ್ಣನನ್ನು ಕೇಳಿ ತಿಳಿದಳು. ಸಾಂಬಾರಿನ ಆವಿ ಯಾವ ಕಿಟಕಿಯಿಂದ ಬರುತ್ತದೆ. ಗಲ್ಲಾದ ಹಿಂದಿನ ಕಪ್ಪುಕಲ್ಲಿನ ಕಟ್ಟೆಗೆ ಅಂಗೈ ಇಟ್ಟು ನೋಡಿದಳು. ಗ್ರೈಂಡರು ತಿರುಗುವಾಗಲೂ ಅದು ಅಷ್ಟಾಗಿ ಅದುರುತ್ತಿರಲಿಲ್ಲ. ಮನೆಗೆ ಬಂದು ಒಂದೇ ಒಂದು ಹಾಳೆ ಬರೆದಳು. ವೃತ್ತಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಅವಳಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು.

ಸೋಮವಾರ ಸಂಜೆ ಅದನ್ನು ಐತಪ್ಪನವರ ಮುಂದಿಟ್ಟಳು.

"ಕೊನೇಲಿ ಒಂದು ಪುಟ ಬಿಟ್ಟುಹೋಗಿತ್ತು. ಅನುಬಂಧ ಅಂತ. ಹೋಟೆಲುಗಳಿಗೆ ಬೇರೆ ಸೂಚನೆ ಇದೆ."

ಐತಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ದನಿ ತೆಗೆದು ಓದತೊಡಗಿದರು. "ಉಪಾಹಾರ ಗೃಹಗಳಲ್ಲಿ ಯಂತ್ರವನ್ನು ಗಲ್ಲಾದ ಹಿಂದಿನ ಕಲ್ಲಿನ ಕಟ್ಟೆಯ ಮೇಲೆ ಇಡುವುದು. ಮುಚ್ಚಳ ಹಾಕಿದ್ದರೆ ಫ್ಯಾನು ತಿರುಗಬಹುದು. ಸ್ಪೀಕರುಗಳನ್ನು ಗೋಡೆಯ ಎರಡು ಮೂಲೆಗೆ ಸರಿಸುವುದು. ಕೇಳುಗರು ಎಲ್ಲಿ ಬೇಕಾದರೂ ಕೂರಬಹುದು. ತಿಂಡಿ ತಿನ್ನುವವರು ತಿನ್ನುತ್ತಲೇ ಕೇಳಬಹುದು. ನಾಲ್ಕೂವರೆಯಿಂದ ಐದೂಕಾಲಿನವರೆಗೆ ಗ್ರೈಂಡರು ತಿರುಗುವಾಗ ಮುಳ್ಳು ಕುಣಿದರೆ ಗಾಬರಿಯಾಗಬಾರದು. ಮತ್ತೆ ಇಡುವುದು."

ಓದಿ ಮುಗಿಸಿ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಇದು ಪುಸ್ತಕದಲ್ಲಿ ಎಷ್ಟನೇ ಪುಟ?"

"ಮೂವತ್ತೆರಡು," ಎಂದಳು ಮಾನಸ, ಯೋಚಿಸದೆ.

ಐತಪ್ಪನವರಿಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತಿತ್ತು. ದಿನಾ ಬೆಳಿಗ್ಗೆ ದೀಪ ಹಚ್ಚಿ ಆ ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವರು ಅವರು. ಅದರಲ್ಲಿ ಇಪ್ಪತ್ತೆಂಟೇ ಪುಟ ಎಂಬುದು ಹೇಳಿಬಿಟ್ಟ ಮೇಲೆ ಅವಳಿಗೆ ನೆನಪಾಯಿತು. ಅವರು ಒಂದು ಕ್ಷಣ ಗಣಪತಿಯ ಪಟದ ಪಕ್ಕಕ್ಕೆ ನೋಡಿದರು, ಒಂದು ಕ್ಷಣ ಅವಳನ್ನು.

"ಜಪಾನಿನವರು ಭಾರೀ ಜೋರುಂಟು," ಎಂದರು ಕೊನೆಗೆ. "ನಮ್ಮ ಗ್ರೈಂಡರಿನ ಹೊತ್ತೂ ಅವರಿಗೆ ಗೊತ್ತುಂಟು."

ಮಾನಸ ತಲೆ ತಗ್ಗಿಸಿದಳು.

"ಶೀನಾ!" ಎಂದು ಕೂಗಿದರು ಐತಪ್ಪ. "ಹನ್ನೆರಡನೇ ಹಾಳೆ ಬಂತು. ಇದಕ್ಕೂ ಪ್ಲಾಸ್ಟಿಕ್ ಹಾಕಿಸು. ಮೊದ್ಲು ಆ ಫ್ಯಾನು ಹಾಕು ಮಾರಾಯಾ, ಎರಡು ತಿಂಗಳಿಂದ ನಂಗೂ ಸೆಕೆ ತಡೀಲಿಕ್ಕೆ ಆಗ್ಲಿಲ್ಲ."

ನಾಲ್ಕು ಫ್ಯಾನೂ ಒಟ್ಟಿಗೆ ತಿರುಗಿದವು. ಎರಡು ತಿಂಗಳ ಧೂಳು ಉದ್ದಿನವಡೆಗಳ ಮೇಲೆ ನಿಧಾನವಾಗಿ ಇಳಿಯಿತು, ಯಾರೂ ದೂರಲಿಲ್ಲ. ಮೇಜುಗಳು ವಾಪಸು ಬಂದವು. ಗಲ್ಲಾದ ಹಿಂದಿನಿಂದ ವೀಣೆ ಕೇಳಿಸಿತು, ಮೊದಲಿನಷ್ಟು ಹತ್ತಿರವಲ್ಲ. ಲೋಟಗಳ ಸದ್ದು, "ಎರಡು ರವಾ" ಎಂಬ ಕೂಗು, ಹಿಂದೆ ಗ್ರೈಂಡರಿನ ಗುಡುಗುಡು ಇವುಗಳ ನಡುವೆ ದಾರಿ ಮಾಡಿಕೊಂಡು ಬಂತು. ಕೇಳಬೇಕೆಂದವರಿಗೆ ಕೇಳುತ್ತಿತ್ತು. ಮುಳ್ಳು ಕುಣಿದಾಗ ಶೀನಣ್ಣ ಬಂದು ಎತ್ತಿ ಮತ್ತೆ ಇಡುವನು. ಒಂದೇ ಸಾಲು ಎರಡು ಸಲ ಬಂದರೆ ಗೋಡೆಬದಿಯ ಮುದುಕರು ಅದನ್ನು ವಿದ್ವಾಂಸರು ಆ ಕ್ಷಣಕ್ಕೆ ಕಟ್ಟಿದ ಮನೋಧರ್ಮವೆಂದು ತಿಳಿದು ತಲೆದೂಗುವರು.

ಜೂನ್ ಹೊತ್ತಿಗೆ ಎದುರಿನ ಹೋಟೆಲಿಗೆ ಹೋದವರಲ್ಲಿ ಮುಕ್ಕಾಲು ಪಾಲು ಮರಳಿ ಬಂದರು. ಸುಕೇಶ ಅಪ್ಪನ ಎದುರು ಪುಸ್ತಕವನ್ನು ಹಗುರವಾಗಿ ಆಡುವುದನ್ನು ಬಿಟ್ಟ. ಪುಸ್ತಕದಲ್ಲಿದ್ದ ಆ ಕೊನೆಯ ಪುಟದಿಂದಲೇ ಎಲ್ಲ ಸರಿಹೋಯಿತೆಂದು ಅವನ ಎಣಿಕೆ. ಸರಸಮ್ಮ ಮಾತ್ರ ಮಾನಸ ಬಂದಾಗಲೆಲ್ಲ ಕಣ್ಣು ಮಿಟುಕಿಸುವರು.

ಆಫೀಸಿನಲ್ಲಿ ಮಾನಸಳ ಕೈಗೆ ಆಗ ಒಂದು ಹೊಸ ಮಿಕ್ಸಿಯ ಮ್ಯಾನುಯಲ್ ಬಂದಿತ್ತು. "ಬಿಸಿ, ಆವಿ, ನೀರು ಇರುವ ಜಾಗದಲ್ಲಿ ಬಳಸಬಾರದು" ಎಂಬ ಸಾಲನ್ನು ಬರೆದು, ಅದನ್ನೇ ನೋಡುತ್ತ ಕೂತಳು. ಯಾರಾದರೂ ಓದಿ ಹಾಗೆಯೇ ಮಾಡಿಬಿಟ್ಟರೆ ಅವರು ಮಿಕ್ಸಿಯನ್ನು ಅಡುಗೆಮನೆ ಬಿಟ್ಟು ಮಲಗುವ ಕೋಣೆಯಲ್ಲಿ ಇಡಬೇಕಾಗುತ್ತದೆ. ಹೊಡೆದು ಹಾಕಿದಳು. ಅಂಥ ಇನ್ನೂ ಆರು ಸಾಲು ಹೊಡೆದಳು. ಕಂಪನಿಯ ವಕೀಲರು ಆ ಏಳನ್ನೂ ಮರಳಿ ಸೇರಿಸಿ, ಜೊತೆಗೆ ನಾಲ್ಕು ಹೊಸದನ್ನೂ ಹಾಕಿ ಕಳಿಸಿದರು. ವರ್ಷದ ಕೊನೆಗೆ ಆ ಮ್ಯಾನುಯಲ್ಲಿಗೇ, ಅತ್ಯಂತ ಸಂಪೂರ್ಣವಾಗಿದೆಯೆಂದು, ಅವಳಿಗೆ ಒಂದು ಗಾಜಿನ ಫಲಕ ಸಿಕ್ಕಿತು. ಅದನ್ನು ಅವಳು ಮನೆಗೆ ತಂದಾಗ ದಿನೇಶ್ ಎರಡೂ ಕೈಯಲ್ಲಿ ಹಿಡಿದು, ಎತ್ತಿ, ತೂಕ ನೋಡಿದ.

"ಇದನ್ನ ಎಲ್ಲಿ ಇಡೋದು?" ಎಂದು ಕೇಳಿದ.

"ಎಲ್ಲಾದ್ರೂ ಇಡು," ಎಂದಳು ಅವಳು. ಚಪ್ಪಲಿ ಮೆಟ್ಟಿಕೊಂಡು ವಾರಾಹಿ ಭವನಕ್ಕೆ ಕಷಾಯ ಕುಡಿಯಲು ಹೊರಟಳು.